ಗೇಟಿನ ಬಳಿ ಆಡಿದ ಮಾತು

ಮನೆಯಲ್ಲಿ ನೀರು ನಿಂತರೆ ನೀವು ಮೊದಲು ಬಾವಿಯನ್ನು ಬಗ್ಗಿ ನೋಡುತ್ತೀರೋ, ಇಲ್ಲ ಮಹಡಿಯ ಬಾಡಿಗೆಯವರನ್ನು ಕತ್ತೆತ್ತಿ ನೋಡುತ್ತೀರೋ?

ಮಲ್ಲತ್ತಹಳ್ಳಿಯ ವೆಂಕಟಗಿರಿಯವರ ಮನೆಯಲ್ಲಿ ಕತ್ತೆತ್ತಿದ್ದಾಯಿತು. ಹಿತ್ತಲ ಬಾವಿಯ ಪಂಪು ಓಡುತ್ತಿತ್ತು, ತೊಟ್ಟಿಗೆ ಹನಿ ನೀರು ಬರುತ್ತಿರಲಿಲ್ಲ. ಮಹಡಿಯ ಶೋಭಾರಾಣಿ ಹೊತ್ತುಗೊತ್ತಿಲ್ಲದೆ ಬಟ್ಟೆ ಒಗೆದು ಮೋಟಾರನ್ನು ಕೊಂದಳೆಂದು ಅವರ ಹೆಂಡತಿ ಅಲಮೇಲು ತೀರ್ಪು ಕೊಟ್ಟರು. ಅದನ್ನು ಗೇಟಿನ ಬಳಿ, ತರಕಾರಿ ಗಾಡಿಯ ಸುತ್ತ ನೆರೆದ ಹೆಂಗಸರ ಮುಂದೆ, ಮನೆ ಖಾಲಿ ಮಾಡಬೇಕೆಂಬ ಷರಾ ಸಮೇತ ಸಾರಿದರು. ಶೋಭಾರಾಣಿಯ ಮಗಳ ಶಾಲೆ ಪಕ್ಕದ ಬೀದಿಯಲ್ಲಿತ್ತು. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ಗೆ ಹೋಗುವ ತಾಯಿಗೆ ನಡುವರ್ಷದಲ್ಲಿ ಬೇರೆ ಮನೆ, ಬೇರೆ ಶಾಲೆ ಎಂದರೆ ಕೆಲಸ ಬಿಟ್ಟಂತೆಯೇ.

ವೆಂಕಟಗಿರಿಯವರು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವರು. ಸಾಕ್ಷಿಯಿಲ್ಲದ ತೀರ್ಪು ಅವರಿಗೆ ಅರಗುತ್ತಿರಲಿಲ್ಲ. ಹೆಂಡತಿಗೆ ಎದುರಾಡುವುದು ಇನ್ನೂ ಅರಗುತ್ತಿರಲಿಲ್ಲ. ಆದುದರಿಂದ ಬಾವಿಯ ಕಡೆ ನಡೆದರು.

ಕರೆಂಟು ಸರಿಯಾಗಿತ್ತು. ಮೋಟಾರು ಬಿಸಿಯಾಗದೆ, ಕಿರುಚದೆ ತಿರುಗುತ್ತಿತ್ತು. ಸತ್ತಿದೆಯೆಂಬ ವರದಿ ಸುಳ್ಳು. ಬಾವಿಯಲ್ಲಿ ನೀರಿತ್ತು. ಪಂಪು ನಿಲ್ಲಿಸಿ ಅದರ ಬಾಯಿಗೆ ಬಿಂದಿಗೆಯಿಂದ ನೀರು ತುಂಬಿಸಿದರು. ಅದು ಇಳಿಯದೆ ನಿಂತಿತು, ಎಂದರೆ ಕೊಳವೆ ಸೋರುತ್ತಿಲ್ಲ. ಹಾಗಾದರೆ ನೀರಿನೊಳಗಿನ ತುದಿಯೇ ಕಟ್ಟಿರಬೇಕು. ಶೋಭಾರಾಣಿಯ ಗಂಡ ಮಹೇಶನನ್ನು ಕರೆದು, ಇಬ್ಬರೂ ಸೇರಿ ಕೊಳವೆಯನ್ನು ಮೇಲೆಳೆದರು. ತುದಿಯ ಜಾಲರಿಗೆ ಹಸಿರು ಬಟ್ಟೆಯೊಂದು ಬಿಗಿಯಾಗಿ ಸುತ್ತಿಕೊಂಡಿತ್ತು.

“ನೋಡಿ, ನಾನ್ ಹೇಳ್ಲಿಲ್ವಾ? ಮೇಲಿಂದ ಬೀಳ್ಸಿದಾರೆ,” ಎಂದರು ಅಲಮೇಲು.

ವೆಂಕಟಗಿರಿ ಬಟ್ಟೆಯನ್ನು ಬಿಡಿಸಿದರು. ಹೊಲಿಯದ ರವಿಕೆ ಕಣ. ಅದರ ಗಂಟಿನಲ್ಲಿ ಅರಿಸಿನದ ಕೊಂಬು, ಅಡಿಕೆ, ಎರಡು ಹಸಿರು ಬಳೆ. ಗೌರಿ ಹಬ್ಬದಂದು ಅಲಮೇಲು ತಾವೇ ಗಂಗೆಗೆಂದು ಬಾವಿಗೆ ಬಿಟ್ಟ ಬಾಗಿನ.

“ಇದನ್ನ ಒಗೆಯಕ್ಕೆ ಹಾಕಿದ್ರಾ ಅವ್ರು?”

“ಗಂಗಮ್ಮಂಗೆ ಕೊಟ್ಮೇಲೆ ಅದು ನಮ್ದಲ್ಲ ರೀ.”

ಆ ವಾದದಲ್ಲಿ ತರ್ಕವಿತ್ತು, ನ್ಯಾಯವಿರಲಿಲ್ಲ. ಹಾಗಿದ್ದರೆ ಮನೆ ಖಾಲಿ ಮಾಡಲು ಗಂಗಮ್ಮನಿಗೇ ಹೇಳಬೇಕಾದೀತೆಂದು ವೆಂಕಟಗಿರಿ ಹೇಳಿ, ಕೊಳವೆಯನ್ನು ಇಳಿಬಿಟ್ಟು ಪಂಪು ಹಾಕಿದರು. ತೊಟ್ಟಿಗೆ ನೀರು ಧುಮುಕಿತು. ಆ ಸದ್ದಿನ ಮರೆಯಲ್ಲಿ ಅಲಮೇಲು, ಸದ್ಯಕ್ಕೆ ಇಲ್ಲೇ ಇರಬಹುದೆಂದು ಮಹಡಿಯಿಂದ ಇಳಿದು ಬಂದಿದ್ದ ಶೋಭಾರಾಣಿಗೆ ಮೆಲ್ಲಗೆ ತಿಳಿಸಿದರು.

“ಗೇಟ್ ಹತ್ರ ಅಂದ್ರಲ್ಲ ಆಂಟಿ, ಗೇಟ್ ಹತ್ರಾನೇ ಹೇಳಿ. ಇಲ್ದಿದ್ರೆ ನಾವೇ ಹೋಗ್ತೀವಿ.”

ಅಲಮೇಲು ಗಂಡನ ಮುಖ ನೋಡಿದರು. ಎಂಥ ಇಕ್ಕಟ್ಟಿನಲ್ಲೂ ಅವರ ಪರ ಮಾತಾಡಿದ್ದ ವೆಂಕಟಗಿರಿ, ಈ ಸಲ ಬಿಂದಿಗೆ ಎತ್ತಿಕೊಂಡು ಒಳಗೆ ನಡೆದರು.

ಮರುದಿನ ತರಕಾರಿ ಗಾಡಿ ಬಂದಾಗ ಅಲಮೇಲು ಗೇಟಿಗೆ ಹೋಗಿ, ತಪ್ಪು ತಮ್ಮದೆಂದು ಕೊತ್ತಂಬರಿಯ ಬೆಲೆ ಕೇಳುವ ದನಿಯಲ್ಲಿ ಹೇಳಿದರು. ಎದುರು ಮನೆಯ ಮುನಿಲಕ್ಷ್ಮಮ್ಮ ಕೇಳಿಸಲಿಲ್ಲವೆಂದರು. ಅಲಮೇಲು ಮತ್ತೆ, ಗಟ್ಟಿಯಾಗಿ ಹೇಳಿದರು. ಮೆಟ್ಟಿಲ ಮೇಲೆ ಮಗಳಿಗೆ ಜಡೆ ಹಾಕುತ್ತಿದ್ದ ಶೋಭಾರಾಣಿ ರಿಬ್ಬನ್ ಬಿಗಿದು, ಅವಳನ್ನು ಅದೇ ಶಾಲೆಗೆ ಕಳಿಸಿದಳು.

ನೀವೂ ಹತ್ತು ಜನರ ಮುಂದೆ ಯಾರ ಮೇಲಾದರೂ ಸುಳ್ಳು ಹೊರಿಸಿದ್ದರೆ, ಅಡುಗೆಮನೆಯಲ್ಲಿ ಪಿಸುಗುಟ್ಟಿ ಮುಗಿಸಬೇಡಿ. ಆ ಹತ್ತು ಜನರ ಮುಂದೆಯೇ ಹಿಂತೆಗೆದುಕೊಳ್ಳಿ. ಇಂದೇ ಹೋಗಿ.