ಬಾಚಣಿಗೆ ಹಿಡಿಯುವ ಕೈ

ಹರಿದದ್ದು ಎಡಭುಜದ ಸ್ನಾಯು ಎಂದು ಗೊತ್ತಾದಾಗ ನೋಡಲು ಬಂದವರೆಲ್ಲ ಹೂಗೈಯಣ್ಣನಿಗೆ ಒಂದೇ ಮಾತು ಹೇಳಿದರು: ಸದ್ಯ, ಬಲಗೈ ಉಳಿಯಿತಲ್ಲ. ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಕತ್ತರಿ ಆಡಿಸುವುದು ಬಲಗೈ, ನಿಜ. ಆದರೆ ಬಾಚಣಿಗೆಯಲ್ಲಿ ಕೂದಲೆತ್ತಿ ಕೊಡುವುದು, ಗಲ್ಲ ಹಿಡಿದು ಮುಖ ತಿರುಗಿಸುವುದು, ಕಿವಿ ಮಡಚುವುದು, ತೂಕಡಿಸುವವರ ಹಣೆಗೆ ಆಸರೆಯಾಗುವುದು ಎಲ್ಲ ಎಡಗೈ. ಇಪ್ಪತ್ತಾರು ವರ್ಷ ಅದು ದಿನಕ್ಕೆ ಎಂಟು ಗಂಟೆ ಭುಜದ ಮಟ್ಟದಲ್ಲೇ ನಿಂತಿತ್ತು. ಆ ಕೈ ಎಷ್ಟು ಹಗುರವೆಂದರೆ ಗಿರಾಕಿಗಳು ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು. ಹೂಗೈಯಣ್ಣ ಎಂಬ ಹೆಸರು ಬಂದದ್ದೂ ಅದರಿಂದಲೇ. ಎಡಗೈ ಏಳದವನು ಕೂದಲು ಕತ್ತರಿಸುವ ಕೆಲಸಕ್ಕೆ ಬಾರದವನು, ಅಷ್ಟೆ. ಇದನ್ನು ಬಂದಬಂದವರಿಗೆಲ್ಲ ಬಿಡಿಸಿ ಹೇಳುವ ತಾಳ್ಮೆ ಅವನಿಗಿರಲಿಲ್ಲ.

ಡಾಕ್ಟರಮ್ಮ ಮಾತ್ರ ಹಾಗನ್ನಲಿಲ್ಲ. ಮೂಳೆಗೆ ಅಂಟಿಕೊಂಡಿರಬೇಕಾದ ಸ್ನಾಯುವಿನ ತುದಿ ಕಿತ್ತು ಬಂದಿದೆ ಎಂದು ಹಾಳೆಯ ಮೇಲೆ ಗೀಚಿ ತೋರಿಸಿದರು. ಭುಜ ಕೊಯ್ದು ತೆರೆಯಬೇಕಿಲ್ಲ, ನಾಲ್ಕು ಸಣ್ಣ ತೂತು ಸಾಕು. ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಸಲಕರಣೆ. ಮೂಳೆಗೆ ಪುಟ್ಟ ಮೊಳೆಗಳನ್ನು ಕೂರಿಸಿ, ಅವುಗಳ ದಾರದಿಂದ ಸ್ನಾಯುವನ್ನು ಎಳೆದು ಬಿಗಿಯುತ್ತೇವೆ ಎಂದರು. ಊರವರ ಕತ್ತಿನ ಮೇಲೆ ಕತ್ತಿ ಆಡಿಸಿದ ಮನುಷ್ಯ ತನ್ನ ಮೈಗೆ ಬ್ಲೇಡು ಎಂದ ಕೂಡಲೇ ಬೆವೆತುಬಿಟ್ಟ. ಆಪರೇಷನ್ನಿನ ದಿನ ನರ್ಸು ಕಂಕುಳಿನ ಕೂದಲನ್ನು ತೀರಾ ತಪ್ಪು ದಿಕ್ಕಿನಲ್ಲಿ ಬ್ಲೇಡು ಎಳೆದು ತೆಗೆದರೂ ಅವನು ಬಾಯಿ ಬಿಡಲಿಲ್ಲ. ಹೆದರಿಕೆ ಎಷ್ಟಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಎಲ್ಲ ಸುಸೂತ್ರವಾಗಿ ಮುಗಿಯಿತು. ಆರು ವಾರ ಕೈಪಟ್ಟಿ, ಅದನ್ನು ಸೊಂಟಕ್ಕೆ ಬಿಗಿಯಲೊಂದು ಬೆಲ್ಟು. ಅಲ್ಲಿಯವರೆಗೆ ಕೈಯನ್ನು ಅದರ ಸ್ವಂತ ಬಲದಿಂದ ಒಂದು ಗೇಣೂ ಎತ್ತಕೂಡದು ಎಂದು ಡಾಕ್ಟರಮ್ಮ ಮೂರು ಸಲ ಹೇಳಿದರು. ಸ್ನಾಯು ಇನ್ನೂ ಮೂಳೆಗೆ ಕೂಡಿಲ್ಲ, ದಾರವೊಂದೇ ಹಿಡಿದುಕೊಂಡಿದೆ, ಎತ್ತಿದರೆ ಹೊಲಿಗೆ ಬಿಟ್ಟುಬಿಡಬಹುದು.

ಎರಡು ವಾರ ಕಳೆದ ಮೇಲೆ ಚರ್ಮದ ಹೊಲಿಗೆ ಬಿಚ್ಚಿಸಲು ಅವನು ಒಬ್ಬನೇ ಹೋದ. ಹೆಂಡತಿಗೆ ಬ್ರೆಡ್ ಕಾರ್ಖಾನೆಯಲ್ಲಿ ರಜೆ ಸಿಕ್ಕಿರಲಿಲ್ಲ. ಅಲ್ಲಿ ವ್ಯಾಯಾಮ ಕಲಿಸುವ ಹುಡುಗಿ ಒಂದು ಹಾಳೆ ಕೊಟ್ಟಳು. ಅಂಗಾತ ಮಲಗಬೇಕು, ಮನೆಯವರು ಮಣಿಕಟ್ಟು ಹಿಡಿದು ಕೈಯನ್ನು ಮೆಲ್ಲಗೆ ಮೇಲೆತ್ತಬೇಕು, ನೀವು ಮಾತ್ರ ಬಲ ಹಾಕಬಾರದು. ದಿನಕ್ಕೆರಡು ಸಲ, ಇವತ್ತಿನಿಂದಲೇ ಶುರು ಎಂದಳು. ಅವನು ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಬಸ್ಸು ಹತ್ತಿದ. ಸೆಕೆಗೆ ಬೆಲ್ಟು ಚುಚ್ಚುತ್ತಿತ್ತು. ಐದೇ ನಿಮಿಷ ಎಂದುಕೊಂಡು ಅದನ್ನು ಬಿಚ್ಚಿ, ಪಟ್ಟಿಯನ್ನೂ ಸಡಿಲ ಮಾಡಿದ.

ಎಡಗಡೆ, ಕಿಟಕಿಯ ಪಕ್ಕ, ಯಾರೋ ದಪ್ಪನೆಯ ಮನುಷ್ಯ ತೂಕಡಿಸುತ್ತಿದ್ದ. ಬಸ್ಸು ಬ್ರೇಕು ಹಾಕಿತು. ಆ ತಲೆ ಮುಂದಕ್ಕೆ ಜೋತು ಬಿತ್ತು. ಹೂಗೈಯಣ್ಣನ ಎಡಗೈ ಪಟ್ಟಿಯಿಂದ ನುಸುಳಿ ಚಕ್ಕನೆ ಮೇಲೆದ್ದು ಅವನ ಹಣೆಯನ್ನು ಹಿಡಿದುಬಿಟ್ಟಿತು.

ಅಂಗಡಿಯಲ್ಲಿ ದಿನಕ್ಕೆ ಹತ್ತು ಸಲ ಹೀಗೆ ಹಿಡಿಯುತ್ತಾನೆ. ಹಿಡಿಯದಿದ್ದರೆ ಕತ್ತಿ ಕುತ್ತಿಗೆಗೆ ತಾಗುತ್ತದೆ. ಇಲ್ಲಿ ಯಾವ ಕತ್ತಿಯೂ ಇರಲಿಲ್ಲ. ಭುಜದೊಳಗೆ ಟಕ್ಕೆಂದಿತು. ಹೊಲಿಗೆ ಬಿಟ್ಟಿತು ಎಂದುಕೊಂಡ. ದಪ್ಪನೆಯವನು ಕಣ್ಣು ಬಿಟ್ಟು, ತನ್ನ ಹಣೆಯ ಮೇಲಿದ್ದ ಅಪರಿಚಿತ ಕೈಯನ್ನು ನೋಡಿ, ಜ್ವರವೇನೂ ಇಲ್ಲ ಬಿಡಿ ಎಂದು ಮತ್ತೆ ಮಲಗಿದ.

ಸಂಜೆ ಕೆಲಸದಿಂದ ಬಂದ ಹೆಂಡತಿ, ಆಸ್ಪತ್ರೆಯಲ್ಲಿ ಏನಂದರು ಎಂದು ಕೇಳಿದಳು. ಹೇಳಬೇಕೆಂದೇ ಬಾಯಿ ತೆರೆದ. ಆದರೆ ಹೇಳಿದರೆ ಅವಳು ಆಗಲೇ ಆಸ್ಪತ್ರೆಗೆ ಎಳೆದುಕೊಂಡು ಹೋಗುತ್ತಾಳೆ, ಅಲ್ಲಿ ಹರಿದಿದೆ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಕೇಳದೆ ಇರುವಷ್ಟು ದಿನ ಹರಿಯದೆಯೂ ಇರಬಹುದು. ಇಂಥ ಲೆಕ್ಕಾಚಾರಕ್ಕೆ ಬುದ್ಧಿ ಬೇಕಿಲ್ಲ, ಭಯವೊಂದಿದ್ದರೆ ಸಾಕು. ವ್ಯಾಯಾಮದ ಹಾಳೆಯನ್ನಂತೂ ಜೇಬಿನಿಂದ ಹೊರಗೆ ತೆಗೆಯಲೇ ಇಲ್ಲ. ಒಂದೆಳೆ ಉಳಿದಿದ್ದರೂ ಅವಳು ಎತ್ತಿದ ಕೂಡಲೇ ಅದೂ ಹೋಗುತ್ತದೆ.

"ಆರು ವಾರ ಕೈ ಮುಟ್ಟಲೇಬಾರದಂತೆ," ಎಂದುಬಿಟ್ಟ.

ಅವಳು ನಂಬಿದಳು. ನಂಬಿದ್ದಷ್ಟೇ ಅಲ್ಲ, ಕಾವಲಿಗೇ ನಿಂತಳು. ಅಂಗಿ ತೊಡಿಸುವಾಗ ಉಸಿರು ಬಿಗಿಹಿಡಿಯುತ್ತಿದ್ದಳು. ಪಕ್ಕದ ಮನೆಯವರು ಮೈದಡವಿ ಮಾತಾಡಿಸಲು ಬಂದರೆ ಅಡ್ಡ ನಿಲ್ಲುತ್ತಿದ್ದಳು. ಅವಳು ಹಾಗೆ ಜೋಪಾನ ಮಾಡಿದಷ್ಟೂ ಅವನಿಗೆ ನಿಜ ಹೇಳುವುದು ಇನ್ನೂ ಕಷ್ಟವಾಗುತ್ತಿತ್ತು. ನಾಲ್ಕು ವಾರ ಹೀಗೇ ನಡೆಯಿತು. ಅಂಗಡಿ ನೋಡಿಕೊಳ್ಳುತ್ತಿದ್ದ ತಮ್ಮ ವಾರಕ್ಕೊಮ್ಮೆ ಬಂದು, ನಿನ್ನ ಕುರ್ಚಿಗೆ ಬಟ್ಟೆ ಹೊದಿಸಿಟ್ಟಿದ್ದೀನಣ್ಣ, ಹಳೇ ಗಿರಾಕಿಗಳು ಕೇಳ್ತಾರೆ ಎನ್ನುತ್ತಿದ್ದ. ಅವನು ಹೋದ ಮೇಲೆ ಹೂಗೈಯಣ್ಣ ಬಲಗೈಯಿಂದ ಎಡಭುಜವನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ಬೆರಳಿಗೆ ಏನೂ ತಿಳಿಯುತ್ತಿರಲಿಲ್ಲ.

ಆರನೆಯ ವಾರ ಮುಗಿದು ತಪಾಸಣೆಗೆ ಹೋದಾಗ ಹೆಂಡತಿಯೂ ಜೊತೆಗಿದ್ದಳು. ಡಾಕ್ಟರಮ್ಮ ಭುಜಕ್ಕೆ ತಣ್ಣನೆಯ ಜೆಲ್ ಹಚ್ಚಿ ಸ್ಕ್ಯಾನಿನ ಹಿಡಿಕೆ ಒತ್ತಿದರು. ಅವನು ಪರದೆ ನೋಡಲಿಲ್ಲ, ಅವರ ಹುಬ್ಬು ನೋಡಿದ. ಹುಬ್ಬು ಅಲುಗಲಿಲ್ಲ. ಚೆನ್ನಾಗಿ ಕೂತಿದೆ, ಒಂದು ದಾರವೂ ಬಿಟ್ಟಿಲ್ಲ ಎಂದರು.

ಅವನಿಗೆ ಅಳುವೇ ಬಂತು. ನಾಲ್ಕು ವಾರದ ಕಲ್ಲು ಎದೆಯಿಂದ ಇಳಿದಂತಾಗಿ, ಬಸ್ಸಿನ ಆ ದಪ್ಪನೆಯವನಿಗೂ ಒಳ್ಳೆಯದಾಗಲಿ ಎಂದುಕೊಂಡ. ಡಾಕ್ಟರಮ್ಮ ಅವನ ಮಣಿಕಟ್ಟು ಹಿಡಿದು ಕೈಯನ್ನು ಮೆಲ್ಲಗೆ ಎತ್ತಿದರು. ಅದು ಸೊಂಟದಿಂದ ಒಂದಷ್ಟು ಮೇಲೆ ಬಂದು, ತುಕ್ಕು ಹಿಡಿದ ಬಾಗಿಲು ನಿಂತಂತೆ ನಿಂತಿತು. ಮತ್ತೆ ಎತ್ತಿದರು. ನೋವಿಗೆ ಅವನು ಹಿಂದಕ್ಕೆ ಸರಿದ. ಕೈ ಏಳಲಿಲ್ಲ. ಈಗ ಹುಬ್ಬು ಗಂಟಿಕ್ಕಿತು.

"ಮನೇಲಿ ವ್ಯಾಯಾಮ ದಿನಾ ಮಾಡಿಸಿದ್ರಾ?" ಎಂದು ಹೆಂಡತಿಯನ್ನು ಕೇಳಿದರು.

"ಯಾವ ವ್ಯಾಯಾಮ?" ಎಂದಳು ಅವಳು.

ಸುಳ್ಳಿಗೆ ಇನ್ನು ಜಾಗ ಉಳಿದಿರಲಿಲ್ಲ. ಬೆಲ್ಟು ಬಿಚ್ಚಿದ್ದು, ಹಣೆ ಹಿಡಿದದ್ದು, ಟಕ್ಕೆಂದದ್ದು, ಹಾಳೆ ಬಚ್ಚಿಟ್ಟದ್ದು ಎಲ್ಲವನ್ನೂ ತಲೆ ಬಗ್ಗಿಸಿಕೊಂಡು ಹೇಳಿದ. ಡಾಕ್ಟರಮ್ಮ ಬೈಯಲಿಲ್ಲ. ಆ ಸದ್ದಿನಿಂದ ಏನೂ ಆಗಿರಲಿಲ್ಲ, ಆವತ್ತೇ ಬಂದಿದ್ದರೆ ಎರಡು ನಿಮಿಷದಲ್ಲಿ ನೋಡಿ ಕಳಿಸುತ್ತಿದ್ದೆ ಎಂದರು. ಆಡಿಸದೆ ಇಟ್ಟದ್ದಕ್ಕೆ ಕೀಲು ಬಿಗಿದುಕೊಂಡಿದೆ. ತಿಂಗಳುಗಟ್ಟಲೆ ಎಳೆದು ಬಿಡಿಸಬೇಕು. ಎಲ್ಲಿವರೆಗೆ ಏಳುತ್ತೆ ಎಂದು ಅವನು ಕೇಳಿದ. ಅದನ್ನು ಈಗಲೇ ಹೇಳಲಾರೆ ಎಂದರು.

ಹೆಂಡತಿ, ಹೇಗೆ ಹಿಡಿಯಬೇಕು ಎಂದಷ್ಟೇ ಡಾಕ್ಟರಮ್ಮನನ್ನು ಕೇಳಿ ತಿಳಿದುಕೊಂಡಳು. ಮನೆಗೆ ಬಂದ ಮೇಲೆ ಅವನು ಮಂಚದ ಮೇಲೆ ಅಂಗಾತ ಮಲಗಿದ. ಅವಳು ಅವನ ಮಣಿಕಟ್ಟು ಹಿಡಿದಳು.

"ನನ್ನ ಕೈ ಒರಟು ರೀ. ನೋವಾಗುತ್ತೆ."

"ಆಗಲಿ. ನಾನು ನಿಲ್ಲಿಸು ಅಂತೀನಿ. ನೀನು ನಿಲ್ಲಿಸಬೇಡ."

ಅವಳು ಎತ್ತಿದಳು. ಕೈ ಎಲ್ಲಿ ನಿಂತಿತ್ತೋ ಅಲ್ಲಿಗೆ ಬಂತು, ಭುಜದೊಳಗೆ ಏನೋ ಕಿತ್ತುಬರುವಂತಾಯಿತು.

"ನಿಲ್ಲಿಸೇ," ಎಂದ. "ಹರಿದುಹೋಗುತ್ತೆ, ನಿಲ್ಲಿಸು."

ಅವಳು ಅಳುತ್ತಿದ್ದಳು. ಕೈಯನ್ನು ಇನ್ನೊಂದು ಬೆರಳಿನಷ್ಟು ಮೇಲೆತ್ತಿದಳು.