ಸ್ಥಿತಿವಂತಳಾದ ಲಕ್ಕವ್ವ

ಊರಿನ ಲೆಕ್ಕಪತ್ರ ನೋಡುವ ತಲಾಠಿ ರೇವಪ್ಪನವರು ಮನೆ ನೋಡಲು ಬರುತ್ತಾರೆಂದು ಗೊತ್ತಾದದ್ದೇ ತಡ, ಲಕ್ಕವ್ವ ಮಾಡಬಾರದ್ದನ್ನೇ ಮಾಡಿದಳು. ವಿಧವಾ ವೇತನಕ್ಕೆ ಅರ್ಜಿ ಹಾಕಿದವಳು ಮನೆ ಇದ್ದ ಹಾಗೆ ತೋರಿಸಬೇಕೋ ಬೇಡವೋ? ಆದರೆ ಬಂದವರ ಮುಂದೆ ಬರಿಗೈಯಲ್ಲಿ ನಿಲ್ಲುವುದೆಂದರೆ ಅವಳಿಗೆ ಜೀವ ಹೋದಷ್ಟು ನಾಚಿಕೆ. ಓಣಿಯೆಲ್ಲ ಓಡಾಡಿ ರುಕ್ಮವ್ವನ ಖುರ್ಚಿ, ಸಾವಿತ್ರವ್ವನ ಹಿತ್ತಾಳೆ ಕೊಡ, ಮತ್ತ್ಯಾರದೋ ಇಳಕಲ್ ಸೀರೆ ಕಡ ತಂದಳು. ತುಪ್ಪ ಸುರಿದು ಶಿರಾ ಮಾಡಿದಳು. ರೇವಪ್ಪನವರು ಹೊಟ್ಟೆ ತುಂಬ ತಿಂದು, ‘ಸ್ಥಿತಿವಂತರು’ ಎಂದು ಬರೆದುಕೊಂಡು ಹೋದರು. ಅರ್ಜಿ ಅಲ್ಲಿಗೇ ಬಿದ್ದುಹೋಯಿತು.

“ಅಯ್ಯ ಹುಚ್ಚಿ! ಅಳೂದು ಬಿಟ್ಟು ಶಿರಾ ಮಾಡೀಯಲ್ಲ!” ಎಂದು ರುಕ್ಮವ್ವ ಹಣೆ ಬಡಿದುಕೊಂಡಳು.

ನಗುವ ಮಾತಲ್ಲ ಇದು. ವೇತನ ಬರದಿದ್ದರೆ ಏಳನೇ ತರಗತಿಯ ಮಗಳು ಸೌಂದರ್ಯಾ ಶಾಲೆ ಬಿಟ್ಟು ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಹೋಗಬೇಕಿತ್ತು. ಗ್ಯಾಂಗಿಗೆ ಆಳು ಕೂಡಿಸುವ ಮುಕಾದಮ ಆಗಲೇ ಅವಳನ್ನು ಕೇಳಿಕೊಂಡು ಬಂದಿದ್ದ. ಲಕ್ಕವ್ವ ಅವನನ್ನು ಬೈದು ಅಟ್ಟಿದಳು. ಮರುದಿನವೇ ಟೆಂಪೋ ಹತ್ತಿ ಸಿಂದಗಿಯ ಕಚೇರಿಗೆ ಹೋಗಿ ತಹಶೀಲ್ದಾರರ ಎದುರು ನಿಂತಳು.

“ಖುರ್ಚಿ, ಹಿತ್ತಾಳಿ ಕೊಡ, ತುಪ್ಪ! ನಿನಗ್ಯಾಕ ಬೇಕವ್ವ ವೇತನ?” ಎಂದರು ಸಾಹೇಬರು, ರೇವಪ್ಪನವರ ವರದಿ ನೋಡುತ್ತ.

“ಎಲ್ಲಾ ಕಡಾ ತಂದದ್ರಿ.”

“ಹಂಗಾರ ಸರ್ಕಾರಕ್ಕ ಸುಳ್ಳ ತೋರಿಸ್ದಿ.”

ಲಕ್ಕವ್ವನ ಸಿಟ್ಟು ನೆತ್ತಿಗೇರಿತು. “ಮನಿಗೆ ಬಂದವರಿಗೆ ಮರ್ಯಾದಿ ಮಾಡೇನ್ರಿ. ಕಡ್ಡಿಪೆಟಗಿ, ಚಾಪುಡಿ, ಸಾಬಾಣ, ಏನ್ ತಗೊಂಡ್ರೂ ನಾನೂ ತೆರಿಗಿ ಕೊಡ್ತೇನಿ. ನೀವು ತೆರಿಗಿ ತಗೊಳ್ಳುವಾಗ ನನ್ನ ಮನಿ ನೋಡಾಕ ಯಾರೂ ಬರ್ಲಿಲ್ಲ. ಕೊಡುವಾಗಷ್ಟ ಬರ್ತೀರಿ, ಅದೂ ಹೇಳಿ ಕಳಿಸಿ! ಹೇಳದ ಬಂದು ನೋಡ್ರಿ. ಅಲ್ಲೀತನ ನಾ ಏಳೂದಿಲ್ಲ.”

ಹೇಳಿದವಳೇ ಕಚೇರಿಯ ಕಟ್ಟೆ ಹಿಡಿದು ಕೂತಳು. ಸಿಪಾಯಿ ಗದರಿಸಿದ, ಗುಮಾಸ್ತ ಬುದ್ಧಿ ಹೇಳಿದ. ಊಹೂಂ! ಸಂಜೆ ಜೀಪು ಹತ್ತಲು ಬಂದ ಸಾಹೇಬರು ಅವಳನ್ನು ಕಂಡು, ಮನೆ ಮತ್ತೆ ನೋಡಲು ಹುಕುಂ ಮಾಡಿದರು.

ರೇವಪ್ಪನವರು ಈ ಸಲ ಹೇಳದೆ ಬಂದರು. ಲಕ್ಕವ್ವ ಹರಕು ಕಂಬಳಿ ಹಾಸಿ ಕೂಡಿಸಿದಳು. ಬಾಗಿಲಲ್ಲಿ ರುಕ್ಮವ್ವ, ಅಳು ಅಳು ಎಂದು ಸನ್ನೆ ಮಾಡುತ್ತಲೇ ಇದ್ದಳು. ಲಕ್ಕವ್ವ ಅತ್ತ ತಿರುಗಿಯೂ ನೋಡಲಿಲ್ಲ. ಒಳಗಿನಿಂದ ಜೋಳದ ರೊಟ್ಟಿ, ಕೆಂಪು ಖಾರ ತಂದಿಟ್ಟಳು.

“ಮೊದಲ ಉಣ್ರಿ.”

ರೊಟ್ಟಿ ಮುರಿಯಹೋದ ರೇವಪ್ಪನವರಿಗೆ, ತಾಟಿನ ಮೇಲೇ ನೆಟ್ಟಿದ್ದ ಸೌಂದರ್ಯಾಳ ಕಣ್ಣು ಕಂಡವು. ಕೈ ತಡೆಯಿತು.

“ಮನ್ಯಾಗ ಇನ್ನೊಂದ ರೊಟ್ಟಿ ಐತೇನವ್ವ?”

“ಇಲ್ಲರಿ,” ಎಂದಳು ಲಕ್ಕವ್ವ. “ಅದನ್ನ ಬರೀರಿ.”