ಬಲ ಅಂಚಿಗೆ ಹೊಲಿದ ಪುಸ್ತಕ

ಗಂಗಾವತಿಯಲ್ಲಿ ಮುನವ್ವರನ ಲೆಕ್ಕಕ್ಕೆ ಬರುವಂಥ ಮನುಷ್ಯ ಒಬ್ಬನೂ ಇರಲಿಲ್ಲ. ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಹೊಟ್ಟೆ ಹೊರೆಯುತ್ತಿದ್ದನಲ್ಲ, ಅಲ್ಲಿಗೆ ಬರುವ ಗಿರಾಕಿಗಳನ್ನು ಕಂಡರಂತೂ ಅವನ ಮೂತಿ ತಾನಾಗಿಯೇ ಸೊಟ್ಟಗಾಗುತ್ತಿತ್ತು. ಒಬ್ಬನಿಗೆ ಹುಟ್ಟುಹಬ್ಬದ ಬ್ಯಾನರಿನಲ್ಲಿ ತನ್ನ ಹಿಂದೆ ಹುಲಿ ಬೇಕು. ಇನ್ನೊಬ್ಬನಿಗೆ ಹುಲಿ ಸಾಲದು, ಹೆಲಿಕಾಪ್ಟರ್ ಬೇಕು. ವಾರ್ಡ್ ಚುನಾವಣೆಯಲ್ಲಿ ಠೇವಣಿ ಕಳೆದುಕೊಂಡವನೊಬ್ಬ ಬಂದು, "ಮಾರಿ ಬೆಳ್ಳಗ ಮಾಡ್ರಿ, ಮೀಸಿ ದಪ್ಪ ಮಾಡ್ರಿ, ಗದ್ದ ಸಣ್ಣದ ಮಾಡ್ರಿ" ಎಂದು ಪಕ್ಕದಲ್ಲೇ ಕೂತು ಎಲ್ಲ ಮಾಡಿಸಿಕೊಂಡು, ಕಡೆಗೆ, "ಇದು ಯಾಂವಂದ್ರೀ ಫೋಟೋ?" ಎಂದು ಜಗಳ ತೆಗೆದಿದ್ದ. ಇಂಥವರ ನಡುವೆ ಹುಟ್ಟಿಬಿಟ್ಟೆನಲ್ಲಾ ಎಂದು ಮುನವ್ವರ ಎದ್ದರೂ ಕೂತರೂ ಮರುಗುತ್ತಿದ್ದ.

ಅಂಗಡಿಯ ಕೆಲಸ ಮುಗಿದ ಮೇಲೆ ಅವನು ಕಾಮಿಕ್ಸ್ ಬರೆಯುತ್ತಿದ್ದ. ಯಾರೂ ಹೇಳಿ ಬರೆಸಿದ್ದಲ್ಲ, ಯಾರೂ ಕಾಯುತ್ತಿದ್ದದ್ದೂ ಅಲ್ಲ. ಮನೆಗೆ ಬಂದ ನೆಂಟರು ಹಾಳೆ ತಿರುವಿ ಹಾಕಿ, "ಇದರಾಗ ಆನಿ ಎಲ್ಲೈತಿ, ಮೊಲ ಎಲ್ಲೈತಿ?" ಎಂದು ಕೇಳುತ್ತಿದ್ದರು. ದೊಡ್ಡ ಊರಿನ ಪ್ರಕಾಶಕನೊಬ್ಬ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, "ಚಿತ್ರ ಕಡಿಮೆ ಮಾಡಿ, ಬರಹ ಜಾಸ್ತಿ ಮಾಡಿ ಕಳಿಸಿ, ನೋಡೋಣ" ಅಂದಿದ್ದ. ಅವತ್ತು ಮುನವ್ವರ ಊಟದ ತಟ್ಟೆ ದೂಡಿ ಎದ್ದು ಹೋಗಿದ್ದ. ಹೆಂಡತಿ ಶಹನಾಜಬೇಗಂ ತಟ್ಟೆಯನ್ನು ಮುಚ್ಚಿಟ್ಟು, "ಸಿಟ್ಟು ಪ್ರಕಾಶಕನ ಮ್ಯಾಲೆ, ಉಪಾಸ ನಮ್ಮನ್ಯಾಗ" ಎಂದಿದ್ದಳು. ಕಡೆಗೆ ತಾನೇ ಅಚ್ಚು ಹಾಕಿಸುತ್ತೇನೆಂದು ಹಟ ಹಿಡಿದ.

ಐದಾರು ವರ್ಷ ತಿದ್ದಿ ತೀಡಿದ ಆ ಪುಸ್ತಕದ ಹೆಸರು 'ಹೊಟ್ಟು'. ಪಾರಮ್ಮ ಎಂಬ ಹುಡುಗಿ ಅಕ್ಕಿ ಗಿರಣಿಯ ಕೆಲಸಕ್ಕೆ ಸೇರುತ್ತಾಳೆ. ಅಲ್ಲಿನ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ, ಎಲ್ಲರೂ ಕೈಸನ್ನೆಯಲ್ಲೇ ಬದುಕುತ್ತಾರೆ. ಪುಟದಿಂದ ಪುಟಕ್ಕೆ ಅವಳಿಗೆ ವಯಸ್ಸಾಗುತ್ತದೆ, ತಲೆ ನರೆಯುತ್ತದೆ, ಅವಳ ಬಾಯಿಂದ ಮಾತ್ರ ಒಂದು ಅಕ್ಷರವೂ ಬರುವುದಿಲ್ಲ. ಒಂದು ದಿನ ಕರೆಂಟು ಹೋಗುತ್ತದೆ. ಗಿರಣಿ ಸುಮ್ಮನಾಗುತ್ತದೆ. ಆಗ, ಕಟ್ಟಕಡೆಯ ಪುಟದಲ್ಲಿ, ಹೆಸರು ಕೂಗದೆ ಬರೀ ಚಿಟಿಕೆ ಹೊಡೆದು ಕರೆಯುವ ಮ್ಯಾನೇಜರನಿಗೆ ಪಾರಮ್ಮ ಹೇಳುತ್ತಾಳೆ: "ನನ್ನ ಹೆಸರು ಪಾರಮ್ಮ." ಇಡೀ ಪುಟಕ್ಕೆ ಅಷ್ಟೇ. ಆ ಒಂದು ಪುಟಕ್ಕಾಗಿಯೇ ಉಳಿದ ಪುಟಗಳೆಲ್ಲ ಇದ್ದವು. ಒಬ್ಬನಾದರೂ ಮೊದಲಿಂದ ನಡೆದು ಬಂದು ಆ ಪುಟ ಮುಟ್ಟಲಿ, ಮುಟ್ಟಿ ಒಂದು ಗಳಿಗೆ ಉಸಿರು ಹಿಡಿಯಲಿ, ಮುನವ್ವರನಿಗೆ ಬೇಕಾದದ್ದು ಅಷ್ಟೇ.

ಪ್ರೆಸ್ಸಿನವರು ಪಿನ್ನು ಹೊಡೆದು ಕೊಡುತ್ತೇವೆ ಅಂದರು. "ಪಿನ್ನು ಹೊಡ್ಯಾಕ ಇದೇನು ಹಾಡಿನ ಪುಸ್ತಕೇನ್ರಿ?" ಎಂದು ಅವರಿಗೂ ಮಂಗಳಾರತಿ ಮಾಡಿ, ಹಾಳೆಗಳನ್ನೂ ಹೊದಿಕೆಗಳನ್ನೂ ಆಟೋಕ್ಕೆ ಹೇರಿಕೊಂಡು ಮಸೀದಿ ಓಣಿಯ ಜಿಲಾನಸಾಬರ ಹತ್ತಿರ ಬಂದ. ಮದರಸಾದ ಪುಸ್ತಕ, ಮಸೀದಿಯ ಪುಸ್ತಕ, ಹಳೇ ಮನೆತನಗಳ ಉರ್ದು ಪುಸ್ತಕ ಎಲ್ಲವೂ ಹೊಲಿಗೆಗೆ ಅವರ ಕೈಗೇ ಬರಬೇಕು. ಅವರು ಕನ್ನಡ ಸಾಲಿಯ ಮೆಟ್ಟಿಲು ಹತ್ತಿದವರಲ್ಲ. ಹಾಳೆಗಳನ್ನು ಹಿಂದೆ ಮುಂದೆ ತಿರುವಿ ನೋಡಿ ಕೇಳಿದರು, "ನಂಬರ್ ಹಾಕಿಲ್ಲಲ್ಲ ಬೇಟಾ?"

"ನಂಬರ್ ಹಾಕಾಕ ಇದೇನು ಕ್ಯಾಲೆಂಡರ್ ಏನು ಚಾಚಾ? ಎಲ್ಲಾ ಸಾಲಾಗಿ ಜೋಡಿಸೇ ತಂದೀನಿ. ಚಿತ್ರ ನೋಡಿದ್ರ ಗೊತ್ತಾಗತೈತಿ. ಕಣ್ಣು ಅದಾವಲ್ಲ?"

ಕಣ್ಣೇನೋ ಇದ್ದವು. ಆದರೆ ಕೈ ಅದಕ್ಕಿಂತ ಹಳೆಯದು. ಉರ್ದು ಪುಸ್ತಕವನ್ನು ಬಲದಿಂದ ಎಡಕ್ಕೆ ಓದುತ್ತಾರೆ, ಅದರ ಹೊಲಿಗೆ ಬಲ ಅಂಚಿಗೆ. ಜೀವಮಾನವೆಲ್ಲ ಹಾಗೇ ಹೊಲಿದ ಜಿಲಾನಸಾಬರು ಮೊದಲ ಪುಟ ಮೇಲಿಟ್ಟು ಬಲ ಅಂಚಿಗೇ ಸೂಜಿ ಇಳಿಸಿದರು. ಹೊದಿಕೆ ಮಾತ್ರ ಪ್ರೆಸ್ಸಿನಲ್ಲಿ ಕನ್ನಡದ ರೀತಿಯಲ್ಲೇ, ಬೆನ್ನು ಎಡಕ್ಕೆ ಬರುವಂತೆ ಅಚ್ಚಾಗಿತ್ತು. ಕಟ್ಟನ್ನು ಮಗುಚಿ, ಹೊಲಿದ ಬೆನ್ನನ್ನು ಹೊದಿಕೆಯ ಬೆನ್ನಿಗೆ ಕೂರಿಸಿ ಅಂಟಿಸಿದರೆ ಏನಾಗಬೇಕು? ಹೊದಿಕೆ ತೆರೆದ ಕೂಡಲೇ ಕಟ್ಟಕಡೆಯ ಪುಟ, ಮುದುಕಿ ಪಾರಮ್ಮನ ಮಾತು. ಅಲ್ಲಿಂದ ಪುಟ ತಿರುವಿದಂತೆಲ್ಲ ಕಥೆ ಹಿಂದಕ್ಕೆ. ಮೂಲೆಯಲ್ಲೊಂದು ನಂಬರ್ ಇದ್ದಿದ್ದರೆ ಮೊದಲ ಪ್ರತಿಗೇ ಮುದುಕರಿಗೆ ಗೊತ್ತಾಗಿಬಿಡುತ್ತಿತ್ತು. ಆದರೆ ಕ್ಯಾಲೆಂಡರ್ ಅಲ್ಲವಲ್ಲ!

ಮುನವ್ವರ ನೋಡುವ ಮೊದಲೇ ತಿಮ್ಮಣ್ಣ ಬಂದು ಒಂದು ಕಟ್ಟು ಒಯ್ದಿದ್ದ. ಈ ತಿಮ್ಮಣ್ಣ ಕೊಪ್ಪಳದಲ್ಲಿ ಗೊಬ್ಬರದ ಅಂಗಡಿ ಇಟ್ಟವನು, ಜೊತೆಗೆ ಒಂದು ಸಾಹಿತ್ಯ ಬಳಗದ ಅಧ್ಯಕ್ಷ. ವರ್ಷಕ್ಕಿಷ್ಟು ಪುಸ್ತಕ ಬಿಡುಗಡೆ ಮಾಡದಿದ್ದರೆ ಅವನಿಗೆ ಅನ್ನ ಅರಗುವುದಿಲ್ಲ, 'ಹೊಟ್ಟು' ಬಿಡುಗಡೆಯನ್ನೂ ಅವನೇ ಹಮ್ಮಿಕೊಂಡಿದ್ದ. ಓದುವ ಚಟ ಮಾತ್ರ ಇಲ್ಲ. ಒಯ್ದವನೇ ಸಮಾರಂಭದ ಮುಖ್ಯ ಅತಿಥಿ ಸಿದ್ದೇಶ ಸರ್‌ಗೆ ಪ್ರತಿ ಮುಟ್ಟಿಸಿಬಿಟ್ಟ.

ಸಂಜೆ ಬಂದು ಪುಸ್ತಕ ತೆರೆದ ಮುನವ್ವರನ ಮೈಯೆಲ್ಲ ಉರಿದುಹೋಯಿತು. ನಮಾಜು ಮುಗಿಸಿ ಜನ ಮಸೀದಿಯಿಂದ ಹೊರಬರುವ ಹೊತ್ತು. ಅದನ್ನೂ ನೋಡದೆ ಓಣಿಯಲ್ಲಿ ನಿಂತು ಬಾಯಿಗೆ ಬಂದಂತೆ ಬೈದ. "ಕನ್ನಡ ಬರಂಗಿಲ್ಲಂದ್ರ ಕನ್ನಡದ ಪುಸ್ತಕ ಯಾಕ ಮುಟ್ಟೀರಿ? ಕುರುಡರು ಮಾಡೋ ಕೆಲಸ ಇದು! ನನ್ನ ಹುಡುಗಿ ಬಾಯಿ ತೆರೀಲಿಕ್ಕೆ ಐದಾರು ವರ್ಷ ಹಿಡೀತು. ನೀವು ಒಂದ ಸೂಜಿಗೆ ಮುಚ್ಚಿಬಿಟ್ರಿ!"

ಜಿಲಾನಸಾಬರು ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟು, "ತಪ್ಪಾತು ಬೇಟಾ" ಅಂದರು. ಓಣಿಯವರೆಲ್ಲ ನಿಂತು ನೋಡಿದರು.

ಮನೆಗೆ ಬಂದರೆ ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. "ಅಬ್ಬಾನ ವಾರಿಗಿಯವರು ಅವರು. ಓಣ್ಯಾಗ ನಿಂತು ಹಂಗ ಅನಬಾರದಿತ್ತು" ಅಂದಳು ಶಹನಾಜಬೇಗಂ.

"ಅಂದದ್ದು ಕಡಿಮಿ ಆತು. ನೋಡ್ತಿರು, ಸ್ಟೇಜಿನ ಮ್ಯಾಲೆ ನಿಂತು ಹೇಳ್ತೀನಿ. ಇದು ತಪ್ಪು ಹೊಲಿದ ಪುಸ್ತಕ, ಯಾರೂ ಓದಬ್ಯಾಡ್ರಿ, ವಾಪಸ್ ಕೊಡ್ರಿ ಅಂತ. ಆ ತಿಮ್ಮಣ್ಣ, ಆ ಸರ್ರು, ಯಾರಿಗೂ ಗೊತ್ತಾಗಿರಂಗಿಲ್ಲ. ಎಲ್ಲಾರ ನೀರಿಳಸ್ತೀನಿ."

"ಹೇಳ್ರಿ ಮತ್ತ. ನಾನೂ ಬಂದು ಕುಂದರ್ತೀನಿ" ಅಂದಳು ಅವಳು.

ಬಿಡುಗಡೆಯ ದಿನ ಕೊಪ್ಪಳದ ಸಭಾಂಗಣದಲ್ಲಿ ಕೂತವರಿಗಿಂತ ಆಮಂತ್ರಣ ಪತ್ರಿಕೆಯ ಹೆಸರುಗಳೇ ಜಾಸ್ತಿ ಇದ್ದವು. ಸ್ವಾಗತ ಮಾಡಿದವನಿಗೆ ಸನ್ಮಾನ, ಸನ್ಮಾನ ಮಾಡಿದವನಿಗೆ ಸನ್ಮಾನ. ಮೈಕಿನ ಹುಡುಗನೊಬ್ಬ ಶಾಲಿನಿಂದ ತಪ್ಪಿಸಿಕೊಂಡ, ಪುಣ್ಯವಂತ. ತಿಮ್ಮಣ್ಣ ಮುನವ್ವರನನ್ನು "ನಮ್ಮ ಭಾಗದ ಹೆಸರಾಂತ ಕಾರ್ಟೂನ್ ನಟರು" ಎಂದು ಪರಿಚಯಿಸಿದ. ಮುನವ್ವರ ಹಲ್ಲು ಕಚ್ಚಿ ಕೂತಿದ್ದ. ಇನ್ನೊಂದು ಗಳಿಗೆ, ಆಮೇಲೆ ನೀವೆಲ್ಲ ಮುಖ ಎಲ್ಲಿಟ್ಟುಕೊಳ್ಳುತ್ತೀರಿ ನೋಡುತ್ತೇನೆ ಅಂದುಕೊಳ್ಳುತ್ತಿದ್ದ.

ಸಿದ್ದೇಶ ಸರ್ ಎದ್ದರು. ನಿವೃತ್ತ ಕನ್ನಡ ಪ್ರಾಧ್ಯಾಪಕರು, ಎಲ್ಲಿ ಮೈಕು ಕಂಡರೂ ಅವರಿಗೆ ಕೆಮ್ಮು ತಾನಾಗಿಯೇ ನಿಲ್ಲುತ್ತದೆ. "ಮಿತ್ರರೇ, ಈ ಕೃತಿ ನನ್ನನ್ನು ನಿದ್ದೆಗೆಡಿಸಿದೆ. ಮೊದಲ ಪುಟದಲ್ಲೇ ನಾಯಕಿ ಮಾತಾಡುತ್ತಾಳೆ. ಆಮೇಲೆ? ಆಮೇಲೆ ಪುಟಪುಟಕ್ಕೂ ಆಕೆ ಮಾತನ್ನು ತ್ಯಜಿಸುತ್ತಾ ಹೋಗುತ್ತಾಳೆ. ಅಕ್ಕಿ ಮತ್ತೆ ಭತ್ತವಾಗುತ್ತದೆ. ನರೆತ ಕೂದಲು ಕಪ್ಪಾಗುತ್ತದೆ. ಕೊನೆಗೆ ಗಿರಣಿಯ ಗೇಟಿನ ಹೊರಗೆ ಒಬ್ಬ ಎಳೆಯ ಹುಡುಗಿ ನಿಂತಿದ್ದಾಳೆ, ಬಿಡುಗಡೆಯಾಗಿ! ಮಾತಿನಿಂದ ಮೌನಕ್ಕೆ! ಮುಪ್ಪಿನಿಂದ ಮುಗ್ಧತೆಗೆ!"

ಮುನವ್ವರನಿಗೆ ನಗು ಒತ್ತರಿಸಿಕೊಂಡು ಬಂತು. ಥೂ, ಕತ್ತೆ! ಕೆಲಸಕ್ಕೆ ಸೇರಲು ಬಂದು ಹೆದರಿ ನಿಂತ ಹುಡುಗಿಗೆ ಬಿಡುಗಡೆಯಂತೆ. ಎರಡನೇ ಸಾಲಿನಲ್ಲಿದ್ದ ಹೆಂಡತಿಯ ಕಡೆ ನೋಡಿ ಹುಬ್ಬು ಹಾರಿಸಿದ. ಅವಳೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಈ ಕೃತಿ ಪದವಿ ತರಗತಿಗಳಿಗೆ ಪಠ್ಯವಾಗಬೇಕು" ಎಂದರು ಸರ್. "ಸಮಿತಿಯಲ್ಲಿ ನಾನೇ ಇದ್ದೇನೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ, ಎಲ್ಲ ಕಡೆಯ ಮಕ್ಕಳೂ ಇದನ್ನು ಓದಬೇಕು. ಆದರೆ ಹಿರಿಯರಾದ ಕೆಲವರು, ಇದು ಬೈಂಡಿಂಗ್ ದೋಷವಿರಬಹುದು ಎಂದು ನನ್ನ ಮುಂದೆ ಕುಹಕವಾಡಿದರು. ಈ ಹಿಮ್ಮುಖ ನಡಿಗೆ ಬೇಕೆಂದೇ ಮಾಡಿದ್ದು ಎಂಬ ಒಂದು ಮಾತನ್ನು ಕಲಾವಿದರ ಬಾಯಿಂದಲೇ ಕೇಳಿಬಿಡೋಣ."

ಮೈಕು ಮುನವ್ವರನ ಕೈಗೆ ಬಂತು. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಅದನ್ನೇ ಮಸೆದುಕೊಂಡು ಬಂದಿದ್ದ. ಆದರೆ ಪಠ್ಯ! ಆನೆ ಎಲ್ಲಿ ಮೊಲ ಎಲ್ಲಿ ಅಂದವರ ಮಕ್ಕಳು ಪರೀಕ್ಷೆಗಾಗಿ ಇವನ ಚಿತ್ರ ಕಂಠಪಾಠ ಮಾಡಬೇಕು. ಆ ಪ್ರಕಾಶಕ ತಾನಾಗಿಯೇ ಫೋನು ಮಾಡಬೇಕು. ಉಲ್ಟಾ ಆದರೇನು, ಓದುತ್ತಾರಲ್ಲ? ಆ ಕತ್ತೆಯಂಥ ಮುಖ ಈಗ ಹತ್ತಿರದಿಂದ ನೋಡಿದರೆ ಅಷ್ಟೇನೂ ಕತ್ತೆಯಂತೆ ಕಾಣಲಿಲ್ಲ, ವಿದ್ವಾಂಸರ ಕಳೆ ಇತ್ತು.

"ಹೌದು ಸರ್" ಅಂದ ಮುನವ್ವರ. "ಬೇಕಂತಲೇ ಮಾಡಿದ್ದು. ಓದುಗನಿಗೆ ತಿಳಿಯಲಿಕ್ಕಿಲ್ಲ ಅಂತ ಸ್ವಲ್ಪ ಅಳುಕಿತ್ತು. ತಮಗೆ ತಿಳಿಯಿತಲ್ಲ, ಸಾರ್ಥಕ."

ಚಪ್ಪಾಳೆ ಬಿತ್ತು. ಶಹನಾಜಬೇಗಂ ಕೈ ಮಡಿಲಲ್ಲೇ ಇಟ್ಟುಕೊಂಡು, ಸ್ಟೇಜಿನ ಮೇಲಿದ್ದ ಗಂಡನನ್ನು ಯಾರೋ ಗುರುತಿಲ್ಲದವನನ್ನು ನೋಡುವಂತೆ ನೋಡಿದಳು. ಆಮೇಲೆ ಎದ್ದು ಹೊರಗೆ ಹೋದಳು.

ಫೋಟೋ, ಕೈ ಕುಲುಕಾಟ, ಶಾಲು. ಮುನವ್ವರ ಮೈಯೆಲ್ಲ ಹಲ್ಲಾಗಿ ನಿಂತಿದ್ದ. ಗದ್ದಲ ಸ್ವಲ್ಪ ಕರಗಿದಾಗ ಸ್ಟೇಜಿನ ಕೆಳಗೆ ಯಾರೋ "ಬೇಟಾ" ಅಂದರು. ಜಿಲಾನಸಾಬರು. ಗಂಗಾವತಿಯಿಂದ ಬಸ್ಸಿನಲ್ಲಿ ಹೊತ್ತು ತಂದ ದೊಡ್ಡ ಗಂಟು ಕಾಲಿನ ಹತ್ತಿರ ಇತ್ತು. ಬೈಸಿಕೊಂಡು ಬಂದಿದ್ದಾರೆ, ಇಲ್ಲಿ ಎಲ್ಲರ ಮುಂದೆ ಬಾಯಿ ಬಿಟ್ಟರೆ ಮುಗಿಯಿತು ಅಂದುಕೊಂಡ ಮುನವ್ವರ. ದಡಬಡಿಸಿ ಇಳಿದು ಅವರನ್ನು ಗೋಡೆಯ ಕಡೆಗೆ ಕರೆದೊಯ್ದ.

ಮುದುಕರ ಮುಖದಲ್ಲಿ ಜಗಳ ಇರಲಿಲ್ಲ. "ಅವತ್ತಿಂದ ಬ್ಯಾರೆ ಕೆಲಸ ಮುಟ್ಟಿಲ್ಲ ಬೇಟಾ. ಉಳದಿದ್ದವೆಲ್ಲಾ ಬಿಚ್ಚಿ, ಹೊದಿಕಿ ಹರೀದಂಗ ತೆಗೆದು, ಎಡಕ್ಕ ಹೊಲದೀನಿ. ತಪ್ಪು ನಂದು, ನಾನ ತಿದ್ದಬೇಕಲ್ಲ." ಗಂಟು ಸಡಿಲಿಸಿ ಒಂದು ಪ್ರತಿ ಕೊಟ್ಟರು. "ಇನ್ನೊಮ್ಮೆ ತಪ್ಪಬಾರದು ಅಂತ ಮೊಮ್ಮಗಳು ಖುಷ್ಬುನ ಕುಂದ್ರಿಸಿ ಮೊದಲಿಂದ ಓದಿಸಿದೆ. ಕಡೀ ಹಾಳಿಗೆ ಆ ಹೆಣ್ಮಗಳು ತನ್ನ ಹೆಸರು ಹೇಳ್ತಾಳಂತ. ಅದನ್ನ ಓದಿ ಖುಷ್ಬು ಸುಮ್ಮನ ಕುಂತುಬಿಟ್ಟಳು. ನಂಗೂ ಸೂಜಿ ಹಿಡ್ಯಾಕ ಆಗಲಿಲ್ಲ. ಭಾಳ ಛಲೋ ಬರದಿ."

ಮುನವ್ವರ ಪುಸ್ತಕ ತೆರೆದ. ಗೇಟಿನ ಮುಂದೆ ಹೆದರಿ ನಿಂತ ಹುಡುಗಿ. ತಿರುವಿದಂತೆಲ್ಲ ಪುಟಗಳು ತಾನು ಬರೆದ ಸಾಲಿನಲ್ಲೇ ಬಂದವು. ಕಟ್ಟಕಡೆಗೆ, ಅದು ಇರಬೇಕಾದ ಜಾಗದಲ್ಲಿ, ಪಾರಮ್ಮ. ಹೊಲಿಗೆ ಎಳೆ ತಪ್ಪಿರಲಿಲ್ಲ. ಆ ಪುಟದ ಮೇಲೆ ಅವನು ಅಂಗೈ ಇಟ್ಟ.

"ಆದ್ರ ನೀನು ಈಗ ಮೈಕಿನ್ಯಾಗ, ಉಲ್ಟಾ ಇದ್ದದ್ದ ಬರೋಬ್ಬರಿ ಅಂದಿ" ಎಂದರು ಜಿಲಾನಸಾಬರು. ಕೊಂಕಿಲ್ಲ, ಸಿಟ್ಟಿಲ್ಲ. ಕೆಲಸ ತಿಳಿದುಕೊಳ್ಳಲು ಕೇಳಿದ್ದು. "ನಂಗ ಕನ್ನಡ ಓದಾಕ ಬರಂಗಿಲ್ಲ ನೋಡು. ಹಂಗಾರ ಇವು ತಪ್ಪೇನು? ಮತ್ತ ಬಿಚ್ಚಲೇನು?"

"ಮುನವ್ವರ್ ಅವರೇ, ಬನ್ನಿ, ಇನ್ನೊಂದು ಫೋಟೋ!" ಸಿದ್ದೇಶ ಸರ್ ಸ್ಟೇಜಿನಿಂದ ಕರೆದರು. ಮುನವ್ವರ ಹೆಗಲ ಮೇಲಿನ ಶಾಲು ಸರಿಮಾಡಿಕೊಂಡ. ಕೈಲಿದ್ದ ಪ್ರತಿಯನ್ನು ಯಾರಿಗೂ ಕಾಣದಂತೆ ಗಂಟಿನೊಳಗೆ ತುರುಕಿದ.

"ಬಿಚ್ಚ್ರಿ ಚಾಚಾ" ಅಂದ.

"ಆತು." ಜಿಲಾನಸಾಬರು ಬಾಗಿ ಗಂಟು ಬಿಗಿದರು. ಹೆಗಲಿಗೆ ಏರಿಸಿಕೊಂಡು, ಎರಡು ಹೆಜ್ಜೆ ಹೋದವರು ಏನೋ ಅನುಮಾನ ಬಂದು ತಿರುಗಿ ನಿಂತರು. "ಅವತ್ತು ಓಣ್ಯಾಗ ಯಾವ ಹೊಲಿಗಿಗೆ ಬೈದಿದ್ದ್ಯೋ, ಹಂಗನ ಹೊಲೀಲೇನು?"

"ಹಂಗನ" ಅಂದ ಮುನವ್ವರ.